ಮೊಗ್ಗಿನ ಜಡೆ ಹೆಣೆಯುವ ಮುನ್ನ

ಭವ್ಯಾ, ಆ ಹೇನು ನನ್ನ ತಲೆಯದು.

ಇಷ್ಟು ಹೇಳುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಒಂದು ಹೇನಿಗೆ ಹತ್ತು ವರ್ಷ! ಅದು ನಿನ್ನ ತಲೆಯಿಂದ ನನ್ನ ಮಗಳಿಗೆ ಬಂದದ್ದಲ್ಲ. ನನ್ನ ತಲೆಯಿಂದ ನನ್ನ ಮಗಳಿಗೆ, ಅವಳ ತಲೆಯಿಂದ ನಿನಗೆ. ನನಗೆ ಗೊತ್ತಿತ್ತು — ಆಮೇಲೆ ಗೊತ್ತಾದದ್ದಲ್ಲ, ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬೀದಿಯ ಹೆಂಗಸರ ಮುಂದೆ ನಿನ್ನ ಕಡೆ ಬೆರಳು ಮಾಡಿದೆ. ಸೊಂಟದಿಂದ ಕೆಳಕ್ಕೆ ಇಳಿದಿದ್ದ ನಿನ್ನ ಕೂದಲು ಹೋಯಿತು. ಆಗ ನಿನಗೆ ಹನ್ನೆರಡು ವರ್ಷ.

ನಿನ್ನೆ ನೀನು ಮದುವೆ ಪತ್ರಿಕೆ ಕೊಡೋಕೆ ಬಂದವಳು, "ಆಂಟಿ, ಆವಾಗಂತೂ ಆಗ್ಲಿಲ್ಲ. ಈಗ ಮೊಗ್ಗಿನ ಜಡೆ ನೀವೇ ಹಾಕ್ಬೇಕು, ಪಾರ್ಲರ್‌ನೋರು ಬೇಡ" ಅಂದೆ. ನಾನು ನಕ್ಕೆ. ಆಯ್ತು ಕಣೇ ಅಂದೆ. ಆ ನಗು ಹೇಗೆ ಬಂತೋ — ಥೂ, ನನ್ನ ಮುಖಕ್ಕಿಷ್ಟು! ನೀನು ಹೋದ ಮೇಲೆ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತಿಲ್ಲ. ಅದನ್ನೂ ಹೇಳುತ್ತೇನೆ. ಮೊದಲಿನದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲಾದರೂ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಎಷ್ಟು ಜಾಣೆ ಅಂತ ನನಗೇ ಗೊತ್ತು.

ಆಗ ನೀನು ಕಂಡದ್ದು, ಬೆಳಿಗ್ಗೆ ಬೆಳಿಗ್ಗೆ ಮಗುವನ್ನು ನಿಮ್ಮ ಜಗಲಿಯ ಮೇಲೆ ಇಳಿಸಿ ಓಡಿಹೋಗುವ ಆಂಟಿಯನ್ನು ಮಾತ್ರ. ಸೋಂಪುರದಲ್ಲಿ ಕುರುಕಲು ತಿಂಡಿ ಪ್ಯಾಕ್ ಮಾಡುವ ಫ್ಯಾಕ್ಟರಿ, ದಾಬಸ್‌ಪೇಟೆಗೆ ಬರುವ ಕಂಪನಿ ಬಸ್ಸು. ಆ ಬಸ್ಸು ಯಾರಪ್ಪನಿಗೂ ಕಾಯುತ್ತಿರಲಿಲ್ಲ. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು, ಅವರು ಮನೆಯಲ್ಲಿದ್ದ ದಿನವೇ ನಮಗೆ ಹಬ್ಬ. ನಮ್ಮ ಹರ್ಷು ಆಗ ನಾಲ್ಕರ ಕೂಸು. ಒಂದು ಕೈಯಲ್ಲಿ ಉಪ್ಪಿಟ್ಟು ಕೆದಕುತ್ತಾ ಇನ್ನೊಂದು ಕೈಯಲ್ಲಿ ಅವಳ ಕಾಲನ್ನು ಚಡ್ಡಿಯೊಳಗೆ ತುರುಕುತ್ತಿದ್ದೆ. ಒಂದು ದಿನ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಯಜಮಾನರ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದ್ದೆ. ಇಡೀ ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಇನ್ನೊಂದು ದಿನ ಡಬ್ಬಿ ಅದಲು ಬದಲಾಗಿ, ಊಟದ ಹೊತ್ತಿಗೆ ನಾನು ಮುಚ್ಚಳ ತೆಗೆದರೆ ಒಳಗೆ ಹಾಲನ್ನ, ಬಾಳೆಹಣ್ಣಿನ ಚೂರು! ನನ್ನ ಖಾರದ ಚಿತ್ರಾನ್ನ ನಿಮ್ಮ ಮನೆಗೆ ಹೋಗಿತ್ತು. ಸಂಜೆ ನಿಮ್ಮಮ್ಮ ಜಯಕ್ಕ ಬಾಗಿಲಲ್ಲೇ ನಿಂತು, "ನಿನ್ನ ಮಗಳು ಖಾರ ಖಾರ ಅಂತ ಅತ್ತೂ ಅತ್ತೂ, ಡಬ್ಬಿ ಖಾಲಿ ಮಾಡ್ಬಿಟ್ಲು ಕಣಮ್ಮ" ಅಂತ ನಗುತ್ತಿದ್ದರು.

ನಿಮ್ಮಮ್ಮನ ಮನೆ ಇಲ್ಲದಿದ್ದರೆ ನಾನು ದುಡಿಯಲು ಹೋಗುವಂತೆಯೇ ಇರಲಿಲ್ಲ. ನಮ್ಮ ಬೀದಿಯ ದುಡಿಯುವ ಹೆಂಗಸರ ಮಕ್ಕಳೆಲ್ಲ ಅಲ್ಲೇ. ಆ ಮಕ್ಕಳನ್ನು ನೋಡಿಕೊಂಡೇ ಜಯಕ್ಕ ನಿನ್ನನ್ನು ಸಾಕಿದರು, ಬೇರೆ ಆಸರೆ ಅವರಿಗೆ ಇರಲಿಲ್ಲ. ನೀನು ಸ್ಕೂಲಿನಿಂದ ಬಂದವಳೇ ಹರ್ಷುವನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ನಿಲ್ಲುವ ಕಡೆ ಬಂದು ನಿಲ್ಲುತ್ತಿದ್ದೆ. ಅವಳು ನಿನ್ನ ಭುಜದ ಮೇಲೆ ತಲೆ ಒರಗಿಸಿ, ನಿನ್ನ ಜಡೆಯ ತುದಿಯಿಂದ ತನ್ನ ಕೆನ್ನೆ ಸವರಿಕೊಳ್ಳುತ್ತಿರುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ದಿನವೆಲ್ಲ ನಿಂತು ನಿಂತು ಮರಗಟ್ಟಿದ ಕಾಲು ಅದನ್ನು ಕಂಡರೆ ಹಗುರಾಗುತ್ತಿತ್ತು. ರಾತ್ರಿ ಅವಳಿಗೆ ನನ್ನ ಜಡೆ ಬೇಕು. "ಜಡೆ ಕೊಡಮ್ಮ" ಅಂತ ಕೇಳಿ ಇಸಿದುಕೊಂಡು, ಹಿಡಿದುಕೊಂಡೇ ಮಲಗುತ್ತಿದ್ದಳು. ನನ್ನ ದಿನದಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಹೇನು ದಾಟಿದ್ದೂ ಅದೇ ದಾರಿಯಲ್ಲಿ.

ಫ್ಯಾಕ್ಟರಿಯಲ್ಲಿ ನಾನು ಆಗಷ್ಟೇ ಲೈನ್ ಲೀಡರ್ ಆಗಿದ್ದೆ. ಕೆಲಸ ಶುರುವಾಗುವ ಮುಂಚೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನೋಡಬೇಕು. ಉಗುರು ಬೆಳೆಸಿದ್ದಾರಾ, ಬಳೆ ಹಾಕಿದ್ದಾರಾ, ಹೂವು ಮುಡಿದಿದ್ದಾರಾ, ತಲೆ ಶುದ್ಧವಾಗಿದೆಯಾ. ತಿನ್ನುವ ಪದಾರ್ಥ ಅಲ್ಲವೇ? ತಲೆಗೆ ಎಲ್ಲರೂ ಬಟ್ಟೆಯ ಟೋಪಿ ಹಾಕಲೇಬೇಕು. ಬಳಸಿದ ಟೋಪಿ ಒಗೆಯುವ ಬುಟ್ಟಿಗೆ ಬೀಳಬೇಕು, ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಇದನ್ನು ನಾನೇ ದಿನಾ ಗಂಟಲು ಕಿತ್ತುಕೊಂಡು ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿಯ ತಲೆಯಲ್ಲಿ ಸೀರು ಕಂಡಿತು. "ಛೀ, ಮನೇಲಿ ನೀರಿಲ್ವೇನೇ ತಲೆಗೆ ಹಾಕ್ಕೊಳ್ಳೋಕೆ?" ಅಂತ ಎಲ್ಲರೆದುರು ಮೂಗು ಮುರಿದು ಗೇಟಿನ ಆಚೆ ಕಳಿಸಿದೆ. ಸಂಬಳವಿಲ್ಲದ ರಜೆ. ಅವಳು ಗೇಟಿನ ಹತ್ತಿರ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನನಗೆ ಏನೂ ಅನ್ನಿಸಲಿಲ್ಲ. ಸರಿಯಾಗಿ ಮಾಡಿದೆ ಅನ್ನಿಸಿತು, ಅಷ್ಟೇ.

ಆಮೇಲೆ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಹರ್ಷು ಹಾಲು ವಾಂತಿ ಮಾಡಿಕೊಂಡಳು. ಅವಳ ಬಟ್ಟೆ ಬದಲಾಯಿಸಿ, ಅಂತೂ ಇಂತೂ ಬಸ್ಸು ಹಿಡಿದು ಹೋದೆ. ಒಗೆದ ಟೋಪಿ ಖಾಲಿಯಾಗಿತ್ತು. ಸ್ಟೋರಿಗೆ ಹೋಗಿ ತರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಲೀಡರೇ ತಡ ಅಂದರೆ ಮರ್ಯಾದೆ ಏನು? ಅಕ್ಕಪಕ್ಕ ನೋಡಿ, ಬುಟ್ಟಿಯೊಳಗೆ ಕೈ ಹಾಕಿ, ರಾತ್ರಿ ಪಾಳಿಯವರು ಯಾರೋ ಬಿಚ್ಚಿ ಎಸೆದಿದ್ದ ಟೋಪಿಯನ್ನು ಎತ್ತಿ ಹಾಕಿಕೊಂಡೆ. ಒಳಗೆ ಇನ್ನೂ ಬೆವರಿನ ಪಸೆ ಇತ್ತು, ಯಾರದೋ ಎಣ್ಣೆಯ ವಾಸನೆ. ಆದರೂ ಕಿವಿಯವರೆಗೆ ಎಳೆದುಕೊಂಡು ಹೋಗಿ, ಹುಡುಗಿಯರ ತಲೆ ನೋಡಲು ನಿಂತೆ. ನನ್ನ ತಲೆ ನೋಡುವವರು ಯಾರೂ ಇರಲಿಲ್ಲ.

ಕೆಲವು ದಿನಗಳ ನಂತರ ಬಸ್ಸಿನಲ್ಲಿ ಕುಳಿತಿದ್ದಾಗ ಕುತ್ತಿಗೆಯ ಹಿಂದೆ ಏನೋ ಹರಿದಂತಾಯಿತು. ಕೈ ಹಾಕಿದರೆ ಬೆರಳಿಗೆ ಸಿಕ್ಕಿತು. ಕಪ್ಪಗೆ, ಕೊಬ್ಬಿದ ಹೇನು. ಎರಡು ಉಗುರಿನ ನಡುವೆ ಇಟ್ಟು ಕುಕ್ಕಿದೆ — ಚಟ್ ಅಂದಿತು. ಆ ಸದ್ದು ಪಕ್ಕದವಳಿಗೆ ಕೇಳಿತೇನೋ ಅಂತ ಮೈ ಬೆವರಿತು. ಉಗುರಿನ ಮೇಲಿನ ರಕ್ತ ನನ್ನದೇ. ದುಪಟ್ಟಾಕ್ಕೆ ಒರೆಸಿಕೊಂಡೆ. ಆಮೇಲೆ ಅದೇ ಕೈಯಲ್ಲಿ ಸಂಜೆ ನಿನ್ನ ಸೊಂಟದಿಂದ ಹರ್ಷುವನ್ನು ಎತ್ತಿಕೊಂಡೆ.

ಆವತ್ತೇ ಹೇಳಬಹುದಿತ್ತು. "ಜಯಕ್ಕ, ನನಗೆ ಹೇನಾಗಿದೆ, ಎರಡು ದಿನ ಹರ್ಷುವನ್ನು ಬೇರೆ ಮಲಗಿಸಿ" — ಇಷ್ಟೇ ಮಾತು. ಹೇಳಲಿಲ್ಲ. ಫ್ಯಾಕ್ಟರಿಯ ಇನ್ನೊಬ್ಬಳೂ ನಮ್ಮ ಬೀದಿಯಲ್ಲೇ ಇದ್ದಳು, ಮಾತು ಅಲ್ಲಿಗೆ ಹೋದರೆ ನನ್ನನ್ನೂ ಗೇಟಿನ ಆಚೆ ನಿಲ್ಲಿಸುತ್ತಾರೆ ಅನ್ನುವ ಭಯ. ಭಯವೂ ಅಲ್ಲ ಅದು, ಕೊಬ್ಬು. ಲೀಡರಮ್ಮನಿಗೆ ಹೇನಂತೆ ಅಂತ ಆ ಹುಡುಗಿಯರು ನಗುವುದನ್ನು ನೆನೆಸಿಕೊಂಡೇ ನನಗೆ ಮೈ ಉರಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಸೀತಾಫಲದ ಬೀಜದ ಪುಡಿ ಕಲಸಿ ತಲೆಗೆ ಮೆತ್ತಿಕೊಂಡೆ. ಕಣ್ಣಿಗೆ ಇಳಿದು ಬೆಂಕಿ ಬಿದ್ದಂತೆ ಉರಿಯಿತು. ಯಜಮಾನರು ಕೇಳಿದರೆ ತಲೆನೋವಿಗೆ ಔಷಧಿ ಅಂದೆ. ನನ್ನ ತಲೆ ಶುದ್ಧವಾಯಿತು. ಅಷ್ಟರಲ್ಲಿ ಹರ್ಷು ಕೆರೆದುಕೊಳ್ಳುತ್ತಿದ್ದಳು.

ಅವಳ ತಲೆಗೂ ಹಚ್ಚಬೇಕಿತ್ತು. ನಾಳೆ ಹಚ್ಚಿದರಾಯಿತು, ಬರುವ ಭಾನುವಾರ ಹಚ್ಚಿದರಾಯಿತು ಅಂತ — ದುಡಿಯುವ ತಾಯಿ, ಪಾಪ, ಪುರುಸೊತ್ತಿಲ್ಲ! ಹೀಗೆ ಹೇಳಿಕೊಂಡರೆ ಎಲ್ಲರೂ ಒಪ್ಪುತ್ತಾರೆ, ಅಲ್ಲವೇ? ನಾನೂ ಒಪ್ಪಿಕೊಂಡು ಕೂತಿದ್ದೆ. ಅದು ಸುಳ್ಳು. ನನ್ನ ತಲೆಗೆ ಸಿಕ್ಕ ಪುರುಸೊತ್ತು ಅವಳ ತಲೆಗೆ ಸಿಗಲಿಲ್ಲ, ಅಷ್ಟೇ.

ಆ ಸಂಜೆ ನಿನಗೆ ನೆನಪಿರಲೇಬೇಕು. ನಾನು ಬಸ್ಸಿಳಿದು ಬರುವಾಗ ನೀನು ದಾರಿಯಲ್ಲಿ ಇರಲಿಲ್ಲ. ನಿಮ್ಮ ಜಗಲಿಯ ಮುಂದೆ ಮಕ್ಕಳ ತಾಯಂದಿರೆಲ್ಲ ಸೇರಿದ್ದರು. ಎದುರು ಮನೆಯ ಶೋಭಾ ತನ್ನ ಮಗನ ತಲೆಯನ್ನು ಬಗ್ಗಿಸಿ ಹಿಡಿದು, "ನೋಡ್ರೀ, ಮುತ್ಕೊಂಡ್ಬಿಟ್ಟಿದೆ! ಯಾರಿಂದ ಬಂತು ಹೇಳಿ ಜಯಕ್ಕ, ಯಾವ್ ಮಗೂಂದು?" ಅಂತ ಕೂಗಾಡುತ್ತಿದ್ದಳು. ಜಯಕ್ಕ ಸೆರಗಿನ ತುದಿ ತಿರುಚುತ್ತಾ ನಿಂತಿದ್ದರು. ಹರ್ಷು ಮೆಟ್ಟಿಲ ಮೇಲೆ ಕುಳಿತು ಎರಡೂ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಳು. ಒಬ್ಬೊಬ್ಬರೇ ಅವಳ ಕಡೆ ನೋಡಿದರು. ಆಮೇಲೆ ನನ್ನ ಕಡೆ.

ಆಗ ನಾನು ಆಡಿದ ಮಾತು ಒಂದು ಅಕ್ಷರವೂ ಮರೆತಿಲ್ಲ.

"ಭವ್ಯಾ ತಲೆ ನೋಡಿದೀರಾ ಯಾರಾದ್ರೂ? ಅಷ್ಟುದ್ದ ಕೂದ್ಲು, ಸರ್ಕಾರಿ ಸ್ಕೂಲಿಂದ ಏನೇನ್ ಹೊತ್ಕೊಂಡ್ ಬರ್ತಾಳೋ. ದಿನಾ ಎಲ್ಲಾ ಮಕ್ಕಳ್ನೂ ಎತ್ಕೊಂಡ್ ತಿರುಗೋದು ಅವಳೇ ತಾನೆ?"

ನಿನ್ನ ತಲೆಯ ಮೇಲೆ ಗೂಬೆ ಕೂರಿಸುವುದು ಅಷ್ಟು ಸುಲಭವಾಯಿತು ನೋಡು. ಯಾರೂ ಹೌದಾ ಅನ್ನಲಿಲ್ಲ, ಇರಬಹುದಾ ಅನ್ನಲಿಲ್ಲ. ನನ್ನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು, ನಿನ್ನ ಮೈಮೇಲೆ ಅಂಚು ಬಿಚ್ಚಿದ ಸ್ಕೂಲ್ ಲಂಗ. ಎಲ್ಲರಿಗೂ ಆ ಮಾತೇ ಬೇಕಾಗಿತ್ತು. ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಬಿಳಿ ಟವೆಲ್ಲು ಹಾಸಿ, ಶೋಭಾ ಹೇನಿನ ಬಾಚಣಿಗೆ ತಂದಳು. ಜಡೆ ಬಿಚ್ಚಿದರು. ನೀನು ಎರಡು ಮಂಡಿಯ ನಡುವೆ ಮುಖ ಹುದುಗಿಸಿಕೊಂಡಿದ್ದೆ. ಒಂದು ಬಿತ್ತು. ಇನ್ನೊಂದು ಬಿತ್ತು. ಬೀಳದೆ ಏನು? ನನ್ನ ಮಗಳು ದಿನಾ ನಿನ್ನ ಭುಜದ ಮೇಲೆ ಮಲಗುತ್ತಿದ್ದವಳು. ಟವೆಲ್ಲಿನ ಮೇಲೆ ಹರಿದಾಡುತ್ತಿದ್ದ ಆ ಹೇನುಗಳನ್ನು ಬಗ್ಗಿ ನೋಡಿ, ನಾನು — ಭವ್ಯಾ, ಇದನ್ನು ಬರೆಯುವಾಗ ನನ್ನ ಬಾಯಿ ಕಹಿಯಾಗುತ್ತಿದೆ — "ನೋಡಿ, ನಾನು ಹೇಳ್ಲಿಲ್ವಾ?" ಅಂದೆ. ಗೆದ್ದವಳ ಹಾಗೆ ಅಂದೆ.

ನೀನು ಅಳುತ್ತಿದ್ದೆಯೋ ಇಲ್ಲವೋ ನೋಡಲಿಲ್ಲ. ಹರ್ಷುವನ್ನು ಎಳೆದುಕೊಂಡು ಮನೆಗೆ ಹೋಗಿ, ಆ ರಾತ್ರಿಯೇ ಅವಳ ತಲೆಗೂ ಅದೇ ಪುಡಿ ಮೆತ್ತಿದೆ.

ತಲೆ ಶುದ್ಧವಾಗುವವರೆಗೆ ಮಕ್ಕಳನ್ನು ಕಳಿಸುವುದಿಲ್ಲ ಅಂದಳು ಶೋಭಾ. ಉಳಿದವರೂ ಹಾಗೇ ಅಂದರು. ಅಷ್ಟು ದಟ್ಟ ಕೂದಲಿನ ಸೀರು ತೆಗೆದು ಮುಗಿಸುವುದು ಯಾವಾಗ? ಅಲ್ಲಿಯವರೆಗೆ ನಿಮ್ಮ ಒಲೆ ಉರಿಯುವುದು ಹೇಗೆ? ಎರಡು ದಿನ ಬಿಟ್ಟು ನಾನು ಹರ್ಷುವನ್ನು ಕರೆತಂದಾಗ ನಿನ್ನ ತಲೆಯ ಮೇಲೆ ನಿಮ್ಮಮ್ಮನ ಹಳೆಯ ಸೀರೆಯ ತುಂಡು ಸುತ್ತಿತ್ತು. ಅದು ಜಾರಿತು. ನುಣ್ಣಗೆ ಬೋಳಿಸಿದ ತಲೆ, ಅಲ್ಲಲ್ಲಿ ಬ್ಲೇಡಿನ ಗೀರು. ಹರ್ಷು ಕಿಟಾರನೆ ಕಿರುಚಿ ನನ್ನ ಕಾಲು ಅಪ್ಪಿಕೊಂಡಳು, ಅವಳಿಗೆ ನಿನ್ನ ಗುರುತೇ ಸಿಗಲಿಲ್ಲ. ನೀನು ಕುಕ್ಕರಗಾಲಲ್ಲಿ ಕೂತು, "ನಾನೇ ಕಣೇ ಹರ್ಷೂ, ನಾನೇ" ಅಂತ ನಗುತ್ತಾ ಕೈ ಚಾಚಿದೆ. ಜಯಕ್ಕ ನನ್ನ ಮುಖ ನೋಡದೆ, "ಮನೆದೇವ್ರಿಗೆ ಹರಕೆ ಇತ್ತು ಕಣಮ್ಮ, ಮುಡಿ ಕೊಟ್ಬಿಟ್ವಿ" ಅಂದರು. ದೇವರ ಹೆಸರು ಹೇಳಿಯಾದರೂ ಮಗಳ ಮಾನ ಉಳಿಸಿಕೊಳ್ಳೋಣ ಅಂತ. ಅದಕ್ಕೆ ನಾನು ಏನಂದೆ ಗೊತ್ತೇ? "ಒಳ್ಳೇದಾಯ್ತು ಬಿಡಿ ಜಯಕ್ಕ, ಬೇಸಿಗೆ, ತಲೆ ತಣ್ಣಗಿರತ್ತೆ."

ಇಂಥ ನಾಲಿಗೆಗೆ ಹುಳ ಬೀಳಬೇಕಿತ್ತು.

ಇದಕ್ಕೆಲ್ಲ ಮುಂಚೆ, ಆ ಬೇಸಿಗೆಗೆ ಅಂತ ನಾನು ನಿನಗೊಂದು ಮಾತು ಕೊಟ್ಟಿದ್ದೆ. ದುಂಡುಮಲ್ಲಿಗೆ ಮೊಗ್ಗು ಬರಲಿ, ನಿನ್ನ ಕೂದಲಿಗೆ ನಾನೇ ಮೊಗ್ಗಿನ ಜಡೆ ಹಾಕಿ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತೇನೆ ಅಂತ. ಬಾಳೆಪಟ್ಟೆಯ ಮೇಲೆ ಮೊಗ್ಗು ಪೋಣಿಸಿ ಹೊಲಿಯುವುದನ್ನು ನನಗೆ ನಮ್ಮಮ್ಮ ಕಲಿಸಿದ್ದರು. ನೀನು ದಿನಾ ಕನ್ನಡಿಯಲ್ಲಿ ಬೆನ್ನು ತಿರುಗಿಸಿ ಜಡೆ ಎಲ್ಲಿಗೆ ಬಂದಿದೆ ಅಂತ ನೋಡಿಕೊಳ್ಳುತ್ತಿದ್ದೆ. ಮೊಗ್ಗು ಬಂತು. ಜಡೆ ಹಾಕಿದ್ದು ಹರ್ಷುವಿಗೆ. ಅವಳ ಮೋಟು ಕೂದಲಿಗೆ ಚೌರಿ ಸೇರಿಸಿ ಹೆಣೆದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು, ಒಂದೇ ಅಳತೆಯ ಮೊಗ್ಗು ಆರಿಸಿ ಆರಿಸಿ ನನ್ನ ಕೈಗೆ ಕೊಡುತ್ತಾ ಕೂತಿದ್ದವಳು ನೀನು. "ಇದು ಸಣ್ಣದಾಯ್ತು ಅಲ್ವಾ ಆಂಟಿ?" ಅಂತ ಮೊಗ್ಗಿನ ಬಗ್ಗೆ ಮಾತ್ರ ಕೇಳಿದೆ.

ಸ್ಟುಡಿಯೋದವನು ಜಡೆ ಕಾಣಲಿ ಅಂತ ಹರ್ಷುವಿನ ಹಿಂದೆ ಕನ್ನಡಿ ಇಟ್ಟ. ಅವಳು ಮುಖ ಗಂಟಿಕ್ಕಿಕೊಂಡಿದ್ದಳು. ನೀನು ಕ್ಯಾಮೆರಾದ ಪಕ್ಕ ನಿಂತು ಗೊಂಬೆ ಕುಣಿಸಿ ನಗಿಸಿದೆ. ಆ ಫೋಟೋ ನಮ್ಮ ನಡುಮನೆಯ ಗೋಡೆಯಲ್ಲಿ ಇದ್ದದ್ದನ್ನು ನೀನೇ ಎಷ್ಟೋ ಸಲ ನೋಡಿದ್ದೀಯ. ಕನ್ನಡಿಯಲ್ಲಿ ಹರ್ಷುವಿನ ಜಡೆ, ಅದರ ಪಕ್ಕದಲ್ಲಿ ಸಣ್ಣಗೆ ನಿನ್ನ ಬೋಳು ತಲೆ. ಬಂದ ನೆಂಟರು ಕೇಳುತ್ತಿದ್ದರು, "ಇದ್ಯಾರು ಗುಂಡು ಹೊಡೆಸ್ಕೊಂಡಿರೋದು?" ನಾನು ಹೇಳುತ್ತಿದ್ದೆ: "ಜಯಕ್ಕನ ಮಗಳು. ಪಾಪ, ತಲೆ ತುಂಬಾ ಹೇನಾಗಿತ್ತು. ನಮ್ಮ ಹರ್ಷುಗೂ ಅಂಟಿಸಿಬಿಟ್ಟಿದ್ಳು." ಒಂದು ಸಲ ಆಡಿದ ಸುಳ್ಳಲ್ಲ ಭವ್ಯಾ. ಕಾಫಿ ಲೋಟ ಕೊಡುತ್ತಾ ಕೊಡುತ್ತಾ, ವರ್ಷಗಟ್ಟಲೆ ಆಡಿದ ಸುಳ್ಳು. ಆಡಿ ಆಡಿ ನನಗೇ ಅದು ನಿಜ ಅನ್ನಿಸುವ ಮಟ್ಟಕ್ಕೆ ಬಂದಿತ್ತು.

ಈಗ ನಿನ್ನೆಯದು.

ನೀನು ಹೊರಡುವ ಮುಂಚೆ ಕಿಟಕಿಯಲ್ಲಿದ್ದ ಹರ್ಷುವಿನ ಬಾಚಣಿಗೆ ತೆಗೆದುಕೊಂಡು ಮುಂಗೂದಲು ಸರಿಮಾಡಿಕೊಂಡೆಯಲ್ಲ, ಆಮೇಲೆ ಗಾಡಿ ಹತ್ತಿ ಹೋದೆಯಲ್ಲ — ನಾನು ಅಡುಗೆಮನೆಗೆ ಬಂದಾಗ ಹರ್ಷು ಒಲೆಯ ಮೇಲೆ ನೀರು ಕುದಿಸುತ್ತಿದ್ದಳು. ನೀರಿನಲ್ಲಿ ಆ ಬಾಚಣಿಗೆ. ಏನೇ ಇದು ಅಂದೆ. "ಭವ್ಯಕ್ಕ ತಲೆಗೆ ಹಾಕ್ಕೊಂಡ್ಳಲ್ಲಮ್ಮ. ಛೀ. ಅವ್ಳಿಗೆ ಹೇನು ಅಂತ ನೀನೇ ತಾನೆ ಹೇಳ್ತಿದ್ದಿದ್ದು?" ಅಂದಳು. ಹೀಗೆ ಮೂಗು ಮುರಿದಳು. ಅದು ನನ್ನದೇ ಮೂಗು, ಫ್ಯಾಕ್ಟರಿಯಲ್ಲಿ ಆ ಹುಡುಗಿಯ ಮುಂದೆ ನಾನೇ ಮುರಿದದ್ದು. ನಿನ್ನ ಭುಜದ ಮೇಲೆ ಬೆಳೆದ ಮಗು! ನೀರು ಕುದಿಯುತ್ತಿತ್ತು, ಬಾಚಣಿಗೆಯ ಹಲ್ಲುಗಳು ಸೊಟ್ಟಗಾಗುತ್ತಿದ್ದವು.

ಅಲ್ಲೇ ನಿಂತು ಅವಳಿಗೆ ಎಲ್ಲ ಹೇಳಿದೆ. ಟೋಪಿ, ಬಸ್ಸು, ಜಗಲಿ, ಟವೆಲ್ಲು. ಮಧ್ಯೆ ಮಧ್ಯೆ ನನ್ನ ಕಷ್ಟವನ್ನೂ ಸೇರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಒಲೆ ಆರಿಸಿ ಕೇಳಿದ್ದು ಒಂದೇ:

"ಭವ್ಯಕ್ಕಂಗೆ ಗೊತ್ತಾ?"

"ಇಲ್ಲ."

"ಮತ್ತೆ ನೀನು ಅವಳ ತಲೆ ಮುಟ್ತೀನಿ ಅಂತ ಒಪ್ಕೊಂಡ್ಯಲ್ಲ ಅಮ್ಮ?"

ಹದಿನಾಲ್ಕರ ಹುಡುಗಿ. ಇನ್ನೂ ದಿನಾ ಬೆಳಿಗ್ಗೆ ನನ್ನ ಮುಂದೆ ಕೂತು ತಲೆ ಬಾಚಿಸಿಕೊಳ್ಳುವವಳು. ಬಸ್ಸಿಗೆ ಮುಂಚಿನ ಆ ಐದು ನಿಮಿಷ ನನ್ನದು, ಅವಳದು. ಇವತ್ತು ಬೆಳಿಗ್ಗೆ ನಾನು ಎಣ್ಣೆ ಬಟ್ಟಲು ಹಿಡಿದುಕೊಂಡು ಕಾದೆ. ಅವಳು ಬಚ್ಚಲಿನ ಕನ್ನಡಿಯಲ್ಲಿ ತಾನೇ ಜಡೆ ಹಾಕಿಕೊಂಡು, ಬೈತಲೆ ಸೊಟ್ಟಗಿತ್ತು, ಹಾಗೇ ಸ್ಕೂಲಿಗೆ ಹೋದಳು. ಹೋಗುವ ಮುಂಚೆ ಆ ಫೋಟೋವನ್ನು ಗೋಡೆಯಿಂದ ಇಳಿಸಿ, ಮುಖ ಗೋಡೆಗೆ ಮಾಡಿ ಇಟ್ಟು ಹೋಗಿದ್ದಾಳೆ.

ಬಸ್ಸು ಹೋಯಿತು. ಇವತ್ತು ನಾನು ಕೆಲಸಕ್ಕೆ ಹೋಗಲಿಲ್ಲ. ಸಂಜೆ ನಿಮ್ಮ ಮನೆಗೆ ಬರುತ್ತೇನೆ. ನಿನಗೂ ಜಯಕ್ಕನಿಗೂ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಕಾಗದ ಕೊಟ್ಟು ಓಡಿಬರುವುದಿಲ್ಲ. ಆಮೇಲೆ ನೀನು ಸರಿ ಅಂದರೆ ಶೋಭಾಳನ್ನೂ ಉಳಿದವರನ್ನೂ ಅದೇ ಜಗಲಿಗೆ ಕರೆದು ಹೇಳುತ್ತೇನೆ. ಅವತ್ತು ಬೀದಿಯಲ್ಲಿ ಆಡಿದ್ದನ್ನು ಇವತ್ತು ಒಳಕೋಣೆಯಲ್ಲಿ ಪಿಸುಗುಟ್ಟಿ ಮುಗಿಸಿಕೊಳ್ಳುವ ಹಕ್ಕು ನನಗಿಲ್ಲ. ನೀನು ಬೈಯಬಹುದು. ಜಯಕ್ಕ ಬೈಯುವುದಿಲ್ಲ, ಸುಮ್ಮನಿರುತ್ತಾರೆ, ನನಗೆ ಅದೇ ಹೆಚ್ಚು ಭಯ.

ಎಲ್ಲ ಕೇಳಿದ ಮೇಲೂ ಜಡೆ ನಾನೇ ಹಾಕಬೇಕು ಅಂದರೆ ಹಾಕುತ್ತೇನೆ. ಬೇರೆಯವರು ಹಾಕಲಿ ಅಂದರೆ, ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಂದೇ ಅಳತೆಯ ಮೊಗ್ಗು ಆರಿಸಿ ಕೊಡುತ್ತೇನೆ, ಅವತ್ತು ನೀನು ಕೊಟ್ಟ ಹಾಗೆ. ಅದೂ ಬೇಡ ಅಂದರೆ ಮೆಟ್ಟಿಲಿಂದಲೇ ವಾಪಸು ಬರುತ್ತೇನೆ.